ನಿಂತದ್ದು ಅವಳದು

ಕುಡಿದಿರಲಿಲ್ಲ. ಇದೊಂದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಮೂಗು ಮುರಿಯಬಾರದು. ನಮ್ಮ ಚಿಕ್ಕಪ್ಪನ ಮಗ ಅವತ್ತು ರಾತ್ರಿ ಕುಡಿದದ್ದು ಎರಡು ಲೋಟ ಚಹಾ. ಅದೂ ಸಕ್ಕರೆ ಕಮ್ಮಿ.

ಬಾಗಿಲ ಹತ್ತಿರ ಇರುವವರು ಸ್ವಲ್ಪ ಒಳಗೆ ಸರಿಯಿರಿ... ಹೆದರಿಕೆಗಲ್ಲ, ಗಾಳಿ ಬರುತ್ತಲ್ಲ, ಅದಕ್ಕೆ. ಯಾರೂ ನಿಂತಿಲ್ಲ ತಾನೇ? ಕೂತುಕೊಳ್ಳಿ. ಎಲ್ಲರೂ ಕೂತರೇ ನಾನು ಶುರು ಮಾಡೋದು.

ಅವನನ್ನು ಎಲ್ಲರೂ ಬಿರುಗಾಳಿ ಎಂದೇ ಕರೆಯುತ್ತಾರೆ. ಕಟಾವು ಮಿಷನ್ನಿನ ಡ್ರೈವರ್. ಒಂದು ಗುಂಪು ಆಳು ದಿನವಿಡೀ ಸೊಂಟ ಬಗ್ಗಿಸಿ ಕೊಯ್ಯುವ ಗೋಧಿ ಹೊಲವನ್ನು ಅವನು ಬೀಡಿ ಆರುವುದರೊಳಗೆ ಬೋಳು ಮಾಡಿ ಇಳಿಯುತ್ತಾನೆ. ನಮ್ಮ ವಂಶದಲ್ಲಿ ಬುರುಡೆ ಬಿಡುವ ಕಲೆಯೆಲ್ಲ ನನ್ನೊಬ್ಬನಿಗೇ ಬಂದುಬಿಟ್ಟು ಅವನ ಪಾಲಿಗೆ ಏನೂ ಉಳಿಯಲಿಲ್ಲ. ಅದಕ್ಕೇ ಅವನು ಹೇಳಿದ್ದನ್ನು ನಾನು ನಂಬಿದ್ದು. ನಾನೇ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಅವತ್ತು ಕಟಾವಿನ ಕೊನೇ ದಿನ. ಮಿಷನ್ನನ್ನು ಹೊಲದಲ್ಲೇ ಬಿಟ್ಟು, ಯಜಮಾನರ ಮನೆಯಲ್ಲಿ ಊಟ ಮುಗಿಸಿ, ಹೊಲದ ದಾರಿ ಹಿಡಿದು ಮನೆಗೆ ಹೊರಟಿದ್ದ. ಚಂದ್ರ ಇರಲಿಲ್ಲ. ಕೈಯಲ್ಲಿ ನಾಯಿ ಓಡಿಸಲು ಒಂದು ಕೋಲು. ಜೇಬಿನಲ್ಲಿ ಫೋನು. ಎರಡೂ ಕಡೆ ಕೊಯ್ದ ಹೊಲ, ಬರೀ ಕೂಳೆ. ಕಣ್ಣು ಹಾಯಿಸಿದಷ್ಟೂ ದೂರ ಒಂದು ಕಡ್ಡಿ ಎದ್ದು ನಿಂತಿಲ್ಲ.

ದಾರಿ ಅರ್ಧ ಸವೆದ ಮೇಲೆ ಒಂದು ಹಳೇ ಬಾವಿ. ಅಲ್ಲಿಗೆ ಬಂದಾಗ ಹಿಂದಿನಿಂದ ಸದ್ದು ಕೇಳಿಸಿತು.

ಸೊಯ್ಯ್... ಸೊಯ್ಯ್...

ಆ ಸದ್ದು ಅವನಿಗೆ ತನ್ನ ಉಸಿರಿನಷ್ಟೇ ಪರಿಚಯ. ಬಲಿತು ಒಣಗಿದ ಪೈರಿನೊಳಗೆ ಯಾರಾದರೂ ನಡೆದರೆ ತೆನೆಗೆ ತೆನೆ ಉಜ್ಜಿ ಬರುವ ಸದ್ದು. ಸೊಂಟದೆತ್ತರದ ಪೈರು ಇರಬೇಕು, ಆಗಲೇ ಹಾಗೆ ಕೇಳುತ್ತದೆ. ಕೂಳೆಯಲ್ಲಿ ನಡೆದರೆ ಚರಕ್ ಚರಕ್ ಅನ್ನುತ್ತದೆ, ಸೊಯ್ಯ್ ಅನ್ನುವುದಿಲ್ಲ.

ಪೈರು ಎಲ್ಲಿತ್ತು? ಅವನೇ ಕೊಯ್ದಿದ್ದ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮಧ್ಯಾಹ್ನ ಅವನು ಮಾಡಿದ ಪ್ರತಾಪ ಹೇಳದಿದ್ದರೆ ನಿಮಗೆ ಕತೆಯ ತಲೆಬುಡ ಗೊತ್ತಾಗುವುದಿಲ್ಲ.

ಕಟಾವು ಮಿಷನ್ನು ಎಂದರೆ ಮನೆಯಷ್ಟು ದೊಡ್ಡದು. ಅದು ಹೊಲದ ತುದಿಯಲ್ಲಿ ತಿರುಗುವಾಗ ಮೂಲೆಯಲ್ಲಿ ಒಂದಿಷ್ಟು ಪೈರು ಬಾಯಿಗೆ ಸಿಗದೆ ಉಳಿದೇ ಉಳಿಯುತ್ತದೆ. ಅದನ್ನು ಎಲ್ಲ ಡ್ರೈವರುಗಳೂ ಬಿಡುತ್ತಾರೆ, ಎಲ್ಲ ಯಜಮಾನರೂ ಗೊಣಗುತ್ತಾರೆ, ಅಲ್ಲಿಗೆ ಮುಗಿಯಿತು. ಆದರೆ ಅವತ್ತು ಯಜಮಾನರ ಮಗ ಬದುವಿನ ಮೇಲೆ ನಿಂತು ಕಿಸಕ್ಕನೆ ನಕ್ಕ.

"ಏನಣ್ಣ, ಹೆಸರು ನೋಡಿದ್ರೆ ಬಿರುಗಾಳಿ. ಮೂಲೆ ಮಾತ್ರ ಹಾಗೇ ನಿಂತಿದೆ. ಎಮ್ಮೆ ಬಿಟ್ಟಿದ್ರೂ ಇದಕ್ಕಿಂತ ನೀಟಾಗಿ ಮೇಯ್ತಿತ್ತಪ್ಪ."

ಬಿರುಗಾಳಿಗೆ ಅಷ್ಟು ಸಾಕಾಯಿತು. ಮಿಷನ್ನನ್ನು ಹಿಂದಕ್ಕೆ ತಂದ, ಓರೆ ಮಾಡಿದ, ಕತ್ತರಿ ಅಲಗನ್ನು ನೆಲ ಮುಟ್ಟುವಷ್ಟು ಇಳಿಸಿದ. ಒಂದೊಂದು ಮೂಲೆಗೂ ನುಗ್ಗಿಸಿ ಕ್ಷೌರ ಮಾಡಿದ. ಕೊನೇ ಮೂಲೆಯ ಗಡಿಕಲ್ಲಿನ ಸುತ್ತ ಒಂದು ಹಿಡಿ ಪೈರು ಉಳಿಯಿತು. ಅಲಗು ಕಲ್ಲಿಗೆ ತಾಗುತ್ತದೆಂದು ಕೆಳಗಿಳಿದು, ಕುಡುಗೋಲು ಇಸಿದುಕೊಂಡು, ಪ್ಯಾಂಟಿನ ತುದಿ ಮಡಿಚಿ ಮಂಡಿಯೂರಿ ಅದನ್ನೂ ಕೊಯ್ದ.

"ಈಗ ಹುಡುಕಪ್ಪ," ಅಂದ. "ಒಂದು ಕಡ್ಡಿ ನಿಂತಿದ್ರೆ ತೋರಿಸು, ನನ್ನ ಮೀಸೆ ಬೋಳಿಸ್ತೀನಿ."

ಮೀಸೆ ಉಳಿಯಿತು. ಪೈರು ಉಳಿಯಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಯಜಮಾನರ ತಾಯಿ, ಹಣ್ಣು ಹಣ್ಣು ಅಜ್ಜಿ, ಅವನ ಎದುರಿಗೇ ಕೂತಿದ್ದಳು. ಅಜ್ಜಿಗೆ ಕಣ್ಣು ಮಂಜು, ಕಿವಿ ಮಾತ್ರ ಮೊಲದ್ದು. ಕೇಳಿದಳು:

"ಯಾವ ಮೂಲೇಲಿ ಬಿಟ್ಟೆ ಮಗಾ?"

"ಬಿಡೋ ಮಾತೇ ಇಲ್ಲ ಅಜ್ಜಿ. ನಿಮ್ಮ ಹೊಲ ಈಗ ನಿಮ್ಮ ಮಗನ ತಲೆ ಥರಾ ಇದೆ."

ಯಜಮಾನರ ತಲೆಯ ಮೇಲೆ ಒಂದು ಕೂದಲಿಲ್ಲ. ಎಲ್ಲರೂ ಗೊಳ್ಳೆಂದು ನಕ್ಕರು. ಅಜ್ಜಿ ನಗಲಿಲ್ಲ. ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟಳು.

"ಒಂದು ಹಿಡೀನೂ ಇಲ್ವಾ?"

"ಒಂದು ಎಳೆ ಇಲ್ಲ."

ಅಜ್ಜಿ ಎದ್ದು ಹೋಗಿ ಮೂಲೆಯಲ್ಲಿದ್ದ ಪೊರಕೆಯನ್ನು ಮಲಗಿಸಿದಳು. ಕೊಡೆ ಮಲಗಿಸಿದಳು. ತನ್ನ ಊರುಗೋಲನ್ನೂ ನೆಲಕ್ಕೆ ಮಲಗಿಸಿ, ಗೋಡೆ ಹಿಡಿದುಕೊಂಡು ಬಂದು ಕೂತಳು. ಆಮೇಲೆ ಹೇಳಿದಳು.

ಹಿಂದೆ, ಬಹಳ ಹಿಂದೆ, ಜನಕ್ಕೆ ಬಿತ್ತುವುದು ಗೊತ್ತಿರಲಿಲ್ಲವಂತೆ. ಸಿಕ್ಕಿದ ಗೆಡ್ಡೆ ತಿನ್ನೋದು, ಸಿಗದಿದ್ದರೆ ಹೊಟ್ಟೆಗೆ ತಣ್ಣೀರು ಬಟ್ಟೆ. ಒಂದು ವರ್ಷ ಗೆಡ್ಡೆಯೂ ಸಿಗದೆ ಹೋದಾಗ ಎಲ್ಲಿಂದಲೋ ಒಬ್ಬಳು ಹೆಂಗಸು ಬಂದಳು. ಮಡಿಲಲ್ಲಿ ಒಂದು ಹಿಡಿ ಕಾಳು. ನೆಲ ಕೆದಕಿ ಬಿತ್ತಿ ತೋರಿಸಿದಳು, ಬೆಳೆಸಿ ತೋರಿಸಿದಳು, ಕೊಯ್ಯುವುದನ್ನೂ ಕಲಿಸಿದಳು. "ನಿನಗೇನು ಕೊಡೋಣ ತಾಯಿ?" ಎಂದು ಜನ ಕೇಳಿದರು. ಅವಳು ಅಂದಳು, "ಕೊಯ್ದದ್ದು ನಿಮ್ಮದು. ನಿಂತದ್ದು ನನ್ನದು."

ಅಷ್ಟೇನಾ ಎಂದು ಜನ ಒಪ್ಪಿದರು. ಪ್ರತಿ ಸುಗ್ಗಿಗೂ ಒಂದು ಹಿಡಿ ಪೈರನ್ನು ನಿಂತ ಹಾಗೇ ಬಿಟ್ಟು, ಹುಲ್ಲಿನ ಎಳೆಯಿಂದ ಕಟ್ಟಿ, ಹಾಡು ಹೇಳಿ ಬರುತ್ತಿದ್ದರು. ಆಮೇಲೊಂದು ಸಲ ಯಾರಿಗೋ ಆಸೆ ಹೆಚ್ಚಾಗಿ ಆ ಹಿಡಿಯನ್ನೂ ಕೊಯ್ದರು. ಆ ರಾತ್ರಿ ಅವಳು ತನ್ನ ಪಾಲು ತಗೊಳ್ಳೋಕೆ ಬಂದಳು. ಹೊಲದಲ್ಲಿ ನಿಂತದ್ದು ಒಂದೂ ಸಿಗಲಿಲ್ಲ. ಊರೊಳಕ್ಕೆ ಬಂದಳು.

"ಬೆಳಿಗ್ಗೆ ನೋಡಿದ್ರೆ, ಊರಲ್ಲಿ ನಿಂತಿದ್ದದ್ದು ಒಂದೂ ಇರಲಿಲ್ಲ," ಅಂದಳು ಅಜ್ಜಿ.

"ಅಂದ್ರೆ?"

"ಒಂದೂ ಇರಲಿಲ್ಲ ಅಂದ್ನಲ್ಲ."

ಆವತ್ತಿನಿಂದ ಅದು ಹಬ್ಬವಾಯಿತು. ಕೊನೆಹಿಡಿ ಹಬ್ಬ. ಹೊಲದಲ್ಲಿ ಒಂದು ಹಿಡಿ ಬಿಡೋದು, ಮನೆಯಲ್ಲಿ ನಿಂತದ್ದನ್ನೆಲ್ಲ ಮಲಗಿಸೋದು. ಏಣಿ, ಒನಕೆ, ಕೋಲು, ಪೊರಕೆ. ಮಕ್ಕಳಿಗೆ ಅದೇ ಒಂದು ಆಟ. ರಾತ್ರಿ ಪೂರ್ತಿ ಕೂತೇ ಊಟ, ಕೂತೇ ಹಾಡು. ಆಳುಗಳು ಹೋಗಿ ಮಿಷನ್ನು ಬಂದ ಮೇಲೆ ಹಬ್ಬವನ್ನು ಎಲ್ಲರೂ ಮರೆತರು. ಆದರೂ ಏನೂ ಆಗಲಿಲ್ಲ. ಯಾಕೆ ಆಗಲಿಲ್ಲ? ಮಿಷನ್ನು ಮೂಲೆಯಲ್ಲಿ ಬಿಡುತ್ತಿತ್ತಲ್ಲ! ಯಾರಿಗೂ ತಿಳಿಯದ ಹಾಗೆ ಅವಳ ಪಾಲು ಅವಳಿಗೆ ಸಲ್ಲುತ್ತಿತ್ತು.

ಅವತ್ತಿನವರೆಗೆ.

ಹೊರಡುವಾಗ ಅಜ್ಜಿ ಬಿರುಗಾಳಿಯ ತೋಳು ಹಿಡಿದುಕೊಂಡು ಹೇಳಿದಳು, "ಕೊಯ್ದವನು ನೀನು. ನಿನ್ನ ಹಿಂದೆನೇ ಬರ್ತಾಳೆ. ದಾರೀಲಿ ಎಲ್ಲೂ ನಿಲ್ಲಬೇಡ ಕಂದಾ. ಮನೆಗೆ ಹೋದ ತಕ್ಷಣ ನಿಂತಿರೋದನ್ನೆಲ್ಲ ಮಲಗಿಸು."

"ಆಗಲಿ ಅಜ್ಜಿ, ನಾನೂ ಮಲಗ್ತೀನಿ. ನಿದ್ದೆ ಬೇರೆ ಬರ್ತಿದೆ," ಅಂದು ಚಪ್ಪಲಿ ಮೆಟ್ಟಿ ಹೊರಟವನು ಈ ಬಿರುಗಾಳಿ.

ಈಗ ಬನ್ನಿ, ಬಾವಿಯ ಹತ್ತಿರ.

ಸದ್ದು ಕೇಳಿ ಅವನಿಗೆ ಮೊದಲು ಬಂದದ್ದು ನಗು. ಯಜಮಾನರ ಮಗ ಹೆದರಿಸಲು ಬಂದಿದ್ದಾನೆ ಅಂದುಕೊಂಡ. ಬೇಕೆಂದೇ ನಿಂತ. ಕೋಲನ್ನು ಬಾವಿಕಟ್ಟೆಗೆ ಆನಿಸಿ ನಿಲ್ಲಿಸಿ, "ಬಾರಯ್ಯಾ, ಬಾ, ಒಂದು ಬೀಡಿ ಸೇದೋಣ" ಎಂದು ಕತ್ತಲಿಗೆ ಕೂಗಿದ.

ಸೊಯ್ಯ್... ಸೊಯ್ಯ್... ಹತ್ತಿರವಾಯಿತು. ನಿಂತಿತು.

ಆಮೇಲೆ ಕಲ್ಲಿಗೆ ಲೋಹ ಮಸೆಯುವ ಸದ್ದು. ಕಿರ್ರ್ರ್... ಕಿರ್ರ್ರ್... ಬಾವಿಕಟ್ಟೆಯ ಆ ಕಡೆಯಿಂದ. ಅವಸರ ಇಲ್ಲ. ದಿನದ ಕೆಲಸಕ್ಕೆ ಕುಡುಗೋಲು ಮಸೆಯುವವರ ಹಾಗೆ.

ಬೀಡಿ ಬಾಯಲ್ಲೇ ಉಳಿಯಿತು.

ಸರಕ್.

ಅವನ ಪಕ್ಕದಲ್ಲೇ. ಕೋಲು ಪಟ್ಟೆಂದು ನೆಲಕ್ಕೆ ಬಿತ್ತು. ಫೋನಿನ ಬೆಳಕು ಹಾಕಿ ನೋಡಿದ. ಹೆಬ್ಬೆರಳು ದಪ್ಪದ ಗಟ್ಟಿ ಕೋಲು, ಓರೆಯಾಗಿ, ಬೆಣ್ಣೆ ಕೊಯ್ದ ಹಾಗೆ ಕೊಯ್ದಿತ್ತು. ಅದರ ಬುಡದ ತುಂಡು ಮಾತ್ರ ನೆಲದಲ್ಲಿ ನೆಟ್ಟಗೆ ನಿಂತಿತ್ತು. ಮೂರು ಬೆರಳು ಎತ್ತರ. ಅವನು ನೋಡುತ್ತಿದ್ದ ಹಾಗೆಯೇ ಅದೂ ಮೆಲ್ಲಗೆ ವಾಲಿ... ಬಿತ್ತು.

ಬಿರುಗಾಳಿ ನಡೆಯತೊಡಗಿದ. ಓಡಲಿಲ್ಲ. ಓಡಿದರೆ ಎಡವಿಯಾನು, ಎಡವಿದರೆ ಮತ್ತೆ ಎದ್ದು ನಿಲ್ಲಬೇಕಾದೀತು. ನಾನಾಗಿದ್ದರೆ ಹಿಂತಿರುಗಿ, "ಏನಮ್ಮಾ ನಿನ್ನ ಸಮಾಚಾರ" ಎಂದು ಕೇಳಿ, ಕೂರಿಸಿ, ಒಪ್ಪಂದ ಮಾಡಿಕೊಂಡೇ ಬರುತ್ತಿದ್ದೆ ಅನ್ನಿ. ಅವನಿಗೆ ಅಷ್ಟು ಧೈರ್ಯ ಎಲ್ಲಿ. ನಡೆದ, ನಡೆದ. ಹಿಂದೆ ಅದೇ ಸದ್ದು. ಇವನು ಬೇಗ ನಡೆದರೆ ಅದೂ ಬೇಗ. ಇವನು ನಿಧಾನ ಮಾಡಿದರೆ ಅದು ಹತ್ತಿರ.

ತಿರುವು ದಾಟಿದಾಗ ದೂರದಲ್ಲಿ ಮನೆಯ ದೀಪ ಕಂಡಿತು. ಬಾಗಿಲು ತೆರೆದೇ ಇತ್ತು. ಅಬ್ಬ, ನಾನು ಉಳಿದೆ, ಅಂದುಕೊಂಡ. ಬಾವಿಯ ಹತ್ತಿರ ಬಿಟ್ಟರೆ ನಾನು ಎಲ್ಲೂ ನಿಲ್ಲಲಿಲ್ಲ. ಇನ್ನು ಮನೆಯಲ್ಲಿ ನಿಂತಿರೋದು ಅಂದರೆ ಏನು, ಒಂದು ಏಣಿ, ಒಂದು ಕೊಡೆ...

ಆಗ ನೆನಪಾಯಿತು.

ಅವನಿಗೆ ಒಬ್ಬಳು ಮಗಳು. ಹಲ್ಲು ಮೂಡುತ್ತಿದ್ದ ಕೂಸು. ಆ ವಾರವೆಲ್ಲ ಅದಕ್ಕೊಂದೇ ಹಟ. ಮಂಚದ ಕಾಲು ಹಿಡಿದು, ಅಮ್ಮನ ಸೆರಗು ಹಿಡಿದು, ತಿಣುಕಿ ಏಳುವುದು, ಕುಂಡೆಯ ಮೇಲೆ ದೊಪ್ಪೆಂದು ಬೀಳುವುದು. ಇನ್ನೇನು ಇವತ್ತೋ ನಾಳೆಯೋ ನಿಲ್ಲಬೇಕು. ಬೆಳಿಗ್ಗೆ ಹೊರಡುವಾಗ ಇವನೇ ಹೆಂಡತಿಗೆ ಹೇಳಿದ್ದ, "ಮೊದಲು ನಿಲ್ಲೋದನ್ನ ನಾನೇ ನೋಡಬೇಕು. ನಾನಿಲ್ಲದಾಗ ನಿಂತರೆ ಒಪ್ಪಲ್ಲ."

ನಡೆಯುತ್ತಲೇ ಫೋನು ಮಾಡಿದ. ಎರಡು ಸಲ ಬೇರೆ ಯಾರಿಗೋ ಹೋಯಿತು. ಕೊನೆಗೆ ಹೆಂಡತಿ ಎತ್ತಿದಳು. ಅವಳ ದನಿ ಪಿಸುಪಿಸು.

"ಶ್ಶ್... ಮೆಲ್ಲಗೆ ಮಾತಾಡಿ ರೀ."

"ಯಾಕೆ? ಮಗು ಮಲಗಿದ್ಯಾ?"

"ಮಲಗೋದಾ!" ಪಿಸುಮಾತಿನಲ್ಲೇ ನಗು ಉಕ್ಕುತ್ತಿತ್ತು. "ನಿಂತಿದಾಳೆ ರೀ ನಿಮ್ಮ ಮಗಳು. ಬಾಗಿಲ ಚೌಕಟ್ಟು ಹಿಡ್ಕೊಂಡು. ಬೀಳ್ತಾಳೆ, ಮತ್ತೆ ನಿಂತ್ಕೊಳ್ತಾಳೆ. ನಾನು ಉಸಿರು ಬಿಗಿ ಹಿಡ್ಕೊಂಡು ಕೂತಿದೀನಿ."

"ಕೂರಿಸು ಅವಳನ್ನ."

"ಏನು?"

"ಕೂರಿಸು ಅಂದ್ನಲ್ಲ! ಎತ್ಕೊ, ಮಲಗಿಸು, ಏನಾದ್ರೂ ಮಾಡು..."

"ಅಯ್ಯೋ ಹೊಟ್ಟೆಕಿಚ್ಚೇ! ನೀವೇ ಮೊದಲು ನೋಡಬೇಕಿತ್ತು, ಅದಕ್ಕೆ ತಾನೇ? ಕೂರಿಸಲ್ಲ ಹೋಗಿ. ಬೇಗ ಬನ್ನಿ, ನೋಡುವಿರಂತೆ."

ಫೋನು ಇಟ್ಟುಬಿಟ್ಟಳು.

ಅವನ ಬೆನ್ನ ಹಿಂದಿನ ಸದ್ದು ನಿಂತಿತು. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಕೇಳಿಸಿಕೊಂಡವರ ಹಾಗೆ.

ಆಮೇಲೆ... ಸೊಯ್ಯ್ಯ್ ಎಂದು ಅವನ ಪಕ್ಕದಿಂದಲೇ ಹಾದು, ಒಣಹುಲ್ಲಿನ ಬಿಸಿ ವಾಸನೆ ಮುಖಕ್ಕೆ ಬಡಿದು, ಅವನನ್ನು ಹಿಂದೆ ಹಾಕಿ, ಮನೆಯ ದೀಪದ ಕಡೆಗೆ ಹೊರಟುಹೋಯಿತು.

ಬಿರುಗಾಳಿ ಎಂಬ ಹೆಸರಿಗೆ ಆವತ್ತೇ ನ್ಯಾಯ ಸಿಕ್ಕಿದ್ದು. ಅಷ್ಟು ದಿನ ಮಿಷನ್ನು ಓಡಿತ್ತು. ಅವತ್ತು ಅವನು ಓಡಿದ. ಚಪ್ಪಲಿ ಒಂದು ಕಡೆ, ಫೋನು ಒಂದು ಕಡೆ.

ಅಂಗಳದ ಬೇಲಿ ದಾಟಿದ. ಬಟ್ಟೆ ಹರವಲು ನೆಟ್ಟಿದ್ದ ಗಳ ನೆಲದ ಮೇಲಿತ್ತು, ಒದ್ದೆ ಬಟ್ಟೆಯ ಸಮೇತ. ಸರಕ್. ತೊಟ್ಟಿಯ ಪಕ್ಕ ನಿಂತಿದ್ದ ಪೊರಕೆ ಬಿತ್ತು. ಸರಕ್. ಮೆಟ್ಟಿಲ ಬಳಿ ಹೆಂಡತಿ ಡಬ್ಬಗಳಲ್ಲಿ ಮೆಣಸಿನ ಗಿಡ ಬೆಳೆಸಿದ್ದಳು. ಸರಕ್, ಸರಕ್, ಸರಕ್. ಒಂದಾದ ಮೇಲೊಂದು ಮಲಗುತ್ತ ಬಂದವು. ಬಾಗಿಲಿನ ಕಡೆಗೆ.

ಬಾಗಿಲಲ್ಲಿ ಕೂಸು ನಿಂತಿತ್ತು.

ಒಂದು ಕೈಯಲ್ಲಿ ಚೌಕಟ್ಟು. ಕಾಲಲ್ಲಿ ಹಳದಿ ಉಣ್ಣೆಯ ಕಾಲುಚೀಲ. ತುಟಿಯಿಂದ ಜೊಲ್ಲು ಇಳಿಯುತ್ತಿದೆ. ಅದು ಅಪ್ಪನ ಕಡೆ ನೋಡುತ್ತಿರಲಿಲ್ಲ. ಅಂಗಳದಲ್ಲಿ, ತನಗಿಂತ ಬಹಳ ಎತ್ತರದಲ್ಲಿ ಯಾವುದೋ ಮುಖವನ್ನು ನೋಡಿ ನಗುತ್ತಿತ್ತು. ಎತ್ತಿಕೋ ಎಂದು ಇನ್ನೊಂದು ಕೈ ಚಾಚಿತ್ತು.

ಅವನು ಕೂಗಲಿಲ್ಲ. ನಿಲ್ಲಲೂ ಇಲ್ಲ. ಓಡಿ ಬಂದ ರಭಸಕ್ಕೇ ಮುಂದಕ್ಕೆ ಹಾರಿ, ಕೂಸನ್ನು ಬಾಚಿಕೊಂಡು, ಅದರ ಸಮೇತ ಒಳಗಿನ ನೆಲಕ್ಕೆ ಉರುಳಿದ.

ಸರಕ್.

ಕೂಸು ಕಿಟಾರನೆ ಕಿರುಚಿತು. ನಡುಮನೆಯಲ್ಲಿ ಕೈ ಚಾಚಿ ಕೂತಿದ್ದ ಹೆಂಡತಿ ಏಳಲು ಹೋದಳು.

"ಏಳಬೇಡ," ಅಂದ. ಉಸಿರೇ ಮಾತಾಗಿತ್ತು. "ಹಾಗೇ ಕೂತಿರು... ನಿನಗೆ ಕೈ ಮುಗೀತೀನಿ."

ಗಂಡ ಕೈ ಮುಗಿದದ್ದನ್ನು ಅವಳು ಮದುವೆಯ ದಿನವೂ ನೋಡಿರಲಿಲ್ಲ. ಕೂತಳು.

ಮನೆಯೊಳಗೆ ಸೊಯ್ಯ್ ಎಂಬ ಸದ್ದು. ಸಿಮೆಂಟಿನ ನೆಲದ ಮೇಲೆ, ಸೊಂಟದೆತ್ತರದ ಪೈರು. ಮೂಲೆಯ ಕೊಡೆ ಬಿತ್ತು. ಅಡುಗೆಮನೆಯಲ್ಲಿ ಏಣಿ ಬಿತ್ತು. ಆಮೇಲೆ ಸದ್ದು ಅವರ ಸುತ್ತ ತಿರುಗಿತು. ಒಂದು ಸುತ್ತು... ಇನ್ನೊಂದು ಸುತ್ತು... ನಿಂತದ್ದು ಇನ್ನೇನಾದರೂ ಉಳಿದಿದೆಯೇ ಎಂದು ನೋಡುವ ಹಾಗೆ. ಕೂಸು ಹಟ ಮಾಡಿ ಅಪ್ಪನ ಎದೆಯ ಮೇಲೆ ಕಾಲೂರಿ ಏಳಲು ನೋಡುತ್ತಿತ್ತು. ಅವನು ಅದರ ಕಾಲು ಹಿಡಿದುಕೊಂಡಿದ್ದ. ಎಷ್ಟು ಹೊತ್ತು ಹಿಡಿಯುತ್ತೀರಿ? ನಾಳೆ? ನಾಡಿದ್ದು? ನಿಲ್ಲದ ಮಗು ಉಂಟೇ?

ಆಗ ಅವನ ಕಾಲಿಗೆ ಏನೋ ಚುಚ್ಚಿತು.

ಮಧ್ಯಾಹ್ನ ಗಡಿಕಲ್ಲಿನ ಹತ್ತಿರ ಮಂಡಿಯೂರಿ ಕೊಯ್ದಿದ್ದನಲ್ಲ, ಮಡಿಚಿದ ಪ್ಯಾಂಟಿನ ತುದಿಯೊಳಗೆ ತುಂಡು ಕಡ್ಡಿಯ ಸಮೇತ ಒಂದಿಷ್ಟು ತೆನೆ ಸಿಕ್ಕಿಕೊಂಡಿತ್ತು. ಕೊನೇ ಹಿಡಿಯ ತೆನೆ. ಒಂದು ಚಿಟಿಕೆಯಷ್ಟು.

ಕೂಸನ್ನು ಹೆಂಡತಿಯ ಮಡಿಲಿಗೆ ತಳ್ಳಿ, ಅವನು ಹೊಟ್ಟೆಯ ಮೇಲೆ ತೆವಳಿದ. ಹೊಸ್ತಿಲು ದಾಟಿ, ಮೆಟ್ಟಿಲಿಳಿದು, ಕೈಗೆ ಸಿಕ್ಕಿದ ಮೊದಲ ಮೆಣಸಿನ ಡಬ್ಬದ ಮಣ್ಣಿಗೆ ಆ ತೆನೆಗಳನ್ನು ಒಂದೊಂದಾಗಿ ನೆಟ್ಟ. ಎರಡು ವಾಲಿದವು. ಮಣ್ಣು ಒತ್ತಿ ನಿಲ್ಲಿಸಿದ. ಒಂದು ಹುಲ್ಲೆಳೆ ಸುತ್ತಿ ಕಟ್ಟಿದ. ಹಾಡು ಬರುತ್ತಿರಲಿಲ್ಲ. ಬಂದದ್ದನ್ನು ಹೇಳಿದ.

"ಇದು ನಿನ್ನದು ತಾಯಿ... ತಡವಾಯ್ತು... ನಿಲ್ಲಿಸಿದೀನಿ... ನಮ್ಮ ಮಗು ನಮಗಿರಲಿ."

ಮುಖ ಮಣ್ಣಿಗೆ ಹಚ್ಚಿ ಮಲಗಿದ.

ಒಳಗಿನಿಂದ ಸದ್ದು ಬಂತು. ಹೊಸ್ತಿಲಿಗೆ. ಮೆಟ್ಟಿಲಿಗೆ. ಅವನ ತಲೆಯ ಹತ್ತಿರ. ಒಣಹುಲ್ಲಿನ ಬಿಸಿ ವಾಸನೆ. ಯಾರೋ ಬಗ್ಗಿದಾಗ ಮಂಡಿ ಲಟಕ್ಕೆನ್ನುತ್ತದಲ್ಲ... ಆ ಸದ್ದನ್ನು ಅವನು ಕಿವಿಯಾರೆ ಕೇಳಿದ.

ಸರಕ್.

ಆಮೇಲೆ ಸೊಯ್ಯ್... ಸೊಯ್ಯ್... ಬೇಲಿಯಾಚೆ. ಬೋಳು ಹೊಲದ ಮೇಲೆ. ದೂರ.

ಬೆಳಗಾಗುವವರೆಗೂ ಆ ಮನೆಯಲ್ಲಿ ಯಾರೂ ಏಳಲಿಲ್ಲ. ಬೆಳಿಗ್ಗೆ ನೋಡಿದರೆ ಡಬ್ಬದಲ್ಲಿ ತೆನೆ ಇರಲಿಲ್ಲ. ಮೂರು ಬೆರಳಷ್ಟು ಕೂಳೆ ಇತ್ತು, ಓರೆಯಾಗಿ ಕೊಯ್ದದ್ದು. ಪಕ್ಕದ ಮನೆಯವರು ಬೇಲಿಯಿಂದ ಇಣುಕಿ, "ಏನ್ರೀ, ರಾತ್ರಿ ಮನೆಗೆ ಮಂಗ ನುಗ್ಗಿತ್ತಾ?" ಎಂದು ಕೇಳಿದರಂತೆ.

ಬಿರುಗಾಳಿ ನೆಟ್ಟಗೆ ಅಜ್ಜಿಯ ಹತ್ತಿರ ಹೋಗಿ ಎಲ್ಲ ಹೇಳಿದ. ಅಜ್ಜಿ ಕೇಳಿದ್ದು ಒಂದೇ ಮಾತು.

"ಮಗು ಈಗ ನಿಂತಿದ್ಯಾ, ಕೂತಿದ್ಯಾ?"

"ಕೂತಿದೆ ಅಜ್ಜಿ. ಬೆಳಿಗ್ಗೆಯಿಂದ ಏಳೋಕೇ ನೋಡ್ತಿಲ್ಲ."

"ಹಾಗೇ ಇರಲಿ ಬಿಡು," ಅಂದಳು ಅಜ್ಜಿ.

ಈಗಲೂ ಅವನೇ ಮಿಷನ್ನು ಓಡಿಸುವುದು. ಪ್ರತಿ ಹೊಲದ ಮೂಲೆಯಲ್ಲೂ ಒಂದು ಹಿಡಿ ಬಿಡುತ್ತಾನೆ. ಯಜಮಾನರು ಬೈಯುತ್ತಾರೆ, ಹುಡುಗರು ಎಮ್ಮೆ ಎಮ್ಮೆ ಎಂದು ಕೂಗುತ್ತಾರೆ. ಹಲ್ಲು ಕಿರಿದು ಸುಮ್ಮನಾಗುತ್ತಾನೆ. ಸುಮ್ಮನಿರುವ ಬಿರುಗಾಳಿಯನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ.

ಮಗಳು ದೊಡ್ಡವಳಾಗಿದ್ದಾಳೆ, ಶಾಲೆಗೆ ಹೋಗುತ್ತಾಳೆ. ತೆವಳುವ ಕೂಸು ಒಂದು ದಿನ ಏಕಾಏಕಿ ನಡೆದುಬಿಟ್ಟಿತಂತೆ. ಓಡುತ್ತಾಳೆ, ಕುಣಿಯುತ್ತಾಳೆ, ಮರ ಹತ್ತುತ್ತಾಳೆ. ನಿಲ್ಲುವುದಿಲ್ಲ. ಪ್ರಾರ್ಥನೆಗೆ ಸಾಲು ಮಾಡಿದರೆ ಇದ್ದಲ್ಲೇ ಸುತ್ತುತ್ತಾಳೆ ಎಂದು ಟೀಚರು ದೂರು ಕಳಿಸುತ್ತಾರೆ. ಕ್ಲಾಸಿನ ಫೋಟೋದಲ್ಲಿ ಎಲ್ಲರೂ ನಿಂತಿದ್ದಾರೆ, ಅವಳೊಬ್ಬಳು ನೆಲದ ಮೇಲೆ ಕೂತಿದ್ದಾಳೆ. ಯಾಕಮ್ಮಾ ಎಂದು ಕೇಳಿದರೆ ಭುಜ ಹಾರಿಸುತ್ತಾಳೆ. ಆ ರಾತ್ರಿಯ ಸುದ್ದಿಯನ್ನು ಅವಳಿಗೆ ಯಾರೂ ಹೇಳಿಲ್ಲ.

ಹೋದ ತಿಂಗಳು ನಾನು ಅವರ ಮನೆಗೆ ಹೋಗಿದ್ದಾಗ, ಆ ಹುಡುಗಿ ಆಚೆ ಆಡುತ್ತಿದ್ದ ಹೊತ್ತು ನೋಡಿ, ಅವಳಮ್ಮ ಬೀರುವಿನಿಂದ ಒಂದು ಬಿಸ್ಕೆಟ್ ಡಬ್ಬ ತೆಗೆದಳು. ಒಳಗೆ ಪುಟ್ಟ ಹಳದಿ ಕಾಲುಚೀಲ. ಎರಡು ತುಂಡು. ಪಾದದ ಭಾಗ ಬೇರೆ, ಕಣಕಾಲಿನ ಭಾಗ ಬೇರೆ. ಅಂಗಾಲಿನಿಂದ ಮೂರು ಬೆರಳು ಮೇಲೆ, ಓರೆಯಾಗಿ, ಸುತ್ತಲೂ ಕೊಯ್ದಿತ್ತು. ಒಂದು ಎಳೆ ಹಿಂಜಿರಲಿಲ್ಲ.

"ಕಾಲಿಗೆ?" ಎಂದೆ.

"ಒಂದು ಗೀರೂ ಇರಲಿಲ್ಲ ಭಾವ," ಅಂದಳು.

ನಂಬುವವರು ನಂಬಿ, ಬಿಡುವವರು ಬಿಡಿ. ನಾನು ಬಿಟ್ಟ ಬುರುಡೆಗಳನ್ನು ಪೇರಿಸಿದರೆ ಬಣವೆಯಾಗುತ್ತದೆ, ಒಪ್ಪುತ್ತೇನೆ. ಆದರೆ ಆ ಚೀಲದ ಎರಡು ತುಂಡನ್ನು ಒಂದಕ್ಕೊಂದು ಹೊಂದಿಸಿ ನೋಡಿದವನು ನಾನೇ. ಇದೇ ಕೈಯಲ್ಲಿ. ಹೊರಡುವಾಗ ಆ ಹುಡುಗಿ ಬೀಳ್ಕೊಡಲು ಬಾಗಿಲವರೆಗೆ ಓಡಿ ಬಂದಳು. ಬಂದವಳು ಹೊಸ್ತಿಲ ಮೇಲೆ ಕೂತು, "ಹೋಗಿ ಬನ್ನಿ ದೊಡ್ಡಪ್ಪ" ಎಂದು ಕೈ ಬೀಸಿದಳು.